ಮೂರು ಬೆರಳು ಕಡಿಮೆ

ಗಾಂಧಿ ಬಜಾರಿನಲ್ಲಿ ನನ್ನನ್ನು ಮೊಟ್ಟಮೊದಲು ಕಳ್ಳಿ ಎಂದವರು ಯಮುನಾ ಮಿಸ್. ಆ ಪದವನ್ನೇನೂ ಅವರು ಬಳಸಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರಾದವರು. ಬೈಯುವುದಿದ್ದರೂ ಲೆಕ್ಕ ಬಿಡಿಸಿದ ಹಾಗೆ ಹಂತ ಹಂತವಾಗಿ ಬೈಯುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ದಿನ ಇದೆ ಎನ್ನುವ ಮಂಗಳವಾರ ಬೆಳಿಗ್ಗೆ, ನನ್ನ ಹೂವಿನ ಹಲಗೆಯ ಮುಂದೆ ಐದಾರು ಜನ ನಿಂತಿರುವಾಗಲೇ ಶುರು ಮಾಡಿದರು.

“ತೇಜಸ್ವಿನಿ, ನಮ್ಮನೆ ದೇವರ ಫೋಟೋಗೆ ಎರಡು ಮೊಳ ಮಲ್ಲಿಗೆ ಸರಿಹೋಗ್ತಿತ್ತು. ನಿಮ್ಮಮ್ಮನ ಕಾಲದಿಂದ್ಲೂ ಅಷ್ಟೇ. ಈಗ ಸಾಲ್ತಿಲ್ಲ. ಫೋಟೋ ಏನಾದ್ರೂ ಬೆಳೀತಾ ಇದ್ಯಾ?”

“ಅಳೆದೇ ಕೊಟ್ಟಿದೀನಲ್ಲ ಮಿಸ್.”

“ಅಳೆದೆ, ನಾನೂ ನೋಡ್ದೆ. ಈಗ ನೀನು ನೋಡು.” ಆಗತಾನೇ ನಾನು ಕೊಟ್ಟ ಒಂದು ಮೊಳವನ್ನು ಅವರು ತಮ್ಮ ಕೈಮೇಲೆ ಹಾಸಿಕೊಂಡರು. ನಡುಬೆರಳಿನ ತುದಿಯಿಂದ ಹೊರಟ ಮಲ್ಲಿಗೆ ಅವರ ಮೊಣಕೈ ಮುಟ್ಟುವ ಮೊದಲೇ ಮುಗಿದುಹೋಯಿತು. “ನಾನು ನಿನ್ನ ಭುಜಕ್ಕೂ ಬರಲ್ಲ. ನನ್ನ ಕೈಗೇ ಕಡಿಮೆ ಬೀಳತ್ತೆ ಅಂದ್ರೆ ಏನರ್ಥ?”

ಅರ್ಥ ಹೇಳುವ ಅಗತ್ಯವಿರಲಿಲ್ಲ. ಹಿಂದೆ ನಿಂತಿದ್ದವರು ನನ್ನ ಮುಖ ನೋಡುವುದನ್ನು ಬಿಟ್ಟು ಸೇವಂತಿಗೆ ನೋಡತೊಡಗಿದರು. ನನಗೆ ಮೈಯೆಲ್ಲ ಉರಿದುಹೋಯಿತು.

“ಬೇಡದಿದ್ರೆ ಇಟ್ಟು ಹೋಗಿ ಮಿಸ್. ಬಜಾರಲ್ಲಿ ಹೂ ಮಾರೋರು ನಾನೊಬ್ಳೇ ಅಲ್ಲ.”

ಅವರು ಇಟ್ಟೇ ಹೋದರು.

ನಮ್ಮ ಮನೆಯಲ್ಲಿ ಮೊಳದ ಮಾತು ಸಣ್ಣ ಮಾತಲ್ಲ. ಹಬ್ಬ ಬಂತೆಂದರೆ ಕೆಲವರ ಕೈ ತಾನಾಗಿ ಮುದುಡುತ್ತದೆ. ಅಳೆಯುವಾಗ ಬೆರಳನ್ನು ಒಂಚೂರು ಮಡಚಿಕೊಂಡರೆ ಕೊಳ್ಳುವವರಿಗೆ ಗೊತ್ತಾಗುವುದಿಲ್ಲ, ಹತ್ತು ಮೊಳಕ್ಕೆ ಒಂದು ಮೊಳ ಮಾರುವವರಿಗೇ ಉಳಿಯುತ್ತದೆ. ನಮ್ಮಮ್ಮ ದೊಡ್ಡಮುನಿಯಮ್ಮ ಅಂಥವರ ಪಕ್ಕದಲ್ಲಿ ಕೂತು ಕಾಫಿ ಕೂಡ ಕುಡಿದವಳಲ್ಲ. ಹನ್ನೊಂದನೇ ವಯಸ್ಸಿಗೆ ನಾನು ಅವಳ ಜೊತೆ ಮಾರಲು ಕೂತಾಗ ನನ್ನ ಕೈ ಇನ್ನೂ ಗಿಡ್ಡ. ಅಮ್ಮ ತನ್ನ ಮೊಣಕೈಯನ್ನು ಹಲಗೆಯ ಅಂಚಿಗೆ ಕೊಟ್ಟು, ಕೈ ಚಾಚಿ, ನಡುಬೆರಳು ಬಂದ ಜಾಗದಲ್ಲಿ ಚಾಕುವಿನಿಂದ ಒಂದು ಗೆರೆ ಎಳೆದಳು. “ನಿನ್ನ ಬೆಳ್ಳು ಈ ಗೆರೆ ಮುಟ್ಟೋಗಂಟ ಕೈಲಿ ಅಳೀಬೇಡ, ಹಲಗೆ ಮೇಲೆ ಅಳಿ” ಎಂದಳು. ಹದಿನಾರಕ್ಕೆ ಮುಟ್ಟಿತು. ಆ ದಿನ ಮಸಾಲೆ ದೋಸೆ ಕೊಡಿಸಿದಳು. ಆಮೇಲೆ ಗೆರೆಯ ಮೇಲೆ ಒದ್ದೆ ಗೋಣಿತಟ್ಟು ಬಿತ್ತು, ನಾವಿಬ್ಬರೂ ಅದನ್ನು ಮರೆತೆವು.

ಯಮುನಾ ಮಿಸ್ ಹೋದ ಮೇಲೆ ಗಿರಾಕಿ ತೆಳುವಾದಾಗ ಆ ಗೋಣಿತಟ್ಟನ್ನು ಎತ್ತಿದೆ. ಮರ ಕಪ್ಪಾಗಿತ್ತು, ಆದರೂ ಗೆರೆ ಇತ್ತು. ಮೊಣಕೈಯನ್ನು ಅಂಚಿಗೆ ಕೊಟ್ಟು ಕೈ ಚಾಚಿದೆ. ಬೆರಳು ಗೆರೆಯ ಹತ್ತಿರವೂ ಹೋಗಲಿಲ್ಲ. ಎಡಗೈಯಿಂದ ಬಲಗೈ ಬೆರಳುಗಳನ್ನು ಒತ್ತಿ ನೇರ ಮಾಡಲು ನೋಡಿದೆ. ನೋವು ಭುಜದವರೆಗೆ ಹತ್ತಿತೇ ಹೊರತು ಬೆರಳು ಬಗ್ಗಿದ್ದಲ್ಲೇ ಇತ್ತು. ಮಧ್ಯೆ ಉಳಿದ ಜಾಗದಲ್ಲಿ ಎಡಗೈಯ ಮೂರು ಬೆರಳು ಅಡ್ಡಲಾಗಿ ಆರಾಮಾಗಿ ಕೂತವು. ಯಮುನಾ ಮಿಸ್ ಹೇಳಿದ್ದು ಅಕ್ಷರಶಃ ನಿಜ.

ನನಗೀಗ ಮೂವತ್ತಾರು. ಇಪ್ಪತ್ತೊಂಬತ್ತಕ್ಕೆ ಕೀಲುಗಳು ಊದಿಕೊಂಡವು. ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಎಂದರು, ನಮ್ಮ ಮೈಯೇ ನಮ್ಮ ಕೀಲುಗಳ ಮೇಲೆ ಬೀಳುವ ಕಾಯಿಲೆ, ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬಹುದು ಎಂದರು. ಉಳಿದವರೆಲ್ಲ “ಈ ವಯಸ್ಸಿಗೇ?” ಎಂದರು, ನಾನೇನೋ ಸರದಿ ತಪ್ಪಿಸಿ ಮುಂದೆ ನುಗ್ಗಿದವಳ ಹಾಗೆ. ಓಮ ಜಗಿ, ಮೊಸರು ಬಿಡು, ಆಲೂಗಡ್ಡೆ ಬಿಡು, ಕೇರಳದ ತೈಲ ಹಚ್ಚು. ಒಬ್ಬಾಕೆ ಮದುವೆಯಾದರೆ ಸರಿಹೋಗುತ್ತದೆ ಎಂದಳು. ಕಾಯಿಲೆಯ ಸುದ್ದಿ ಕೇಳಿದ ಮೇಲೆ ನನ್ನನ್ನು ನೋಡಲು ಬರುತ್ತೇನೆಂದಿದ್ದ ಗಂಡಿನ ಕಡೆಯವರು ಫೋನನ್ನೇ ಎತ್ತಲಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ನೋವಿನ ಜೊತೆ ನಾನು ಜಗಳವಾಡಬಲ್ಲೆ. ಅದು ಎಲ್ಲಿದೆ ಎಂದು ಗೊತ್ತಿರುತ್ತದೆ, ಮಣಿಕಟ್ಟಿನಲ್ಲೋ ಮಂಡಿಯಲ್ಲೋ. ಅಲ್ಲಿಗೆ ಬಿಸಿನೀರು ಹಾಕಬಹುದು, ಬೈಯಬಹುದು. ಸುಸ್ತಿನ ಜೊತೆ ಜಗಳವಾಡುವುದಕ್ಕೂ ಶಕ್ತಿ ಬೇಕು. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಇದು, ನಿದ್ದೆಯಿಂದ ಏಳುವಾಗಲೇ ನನಗಿಂತ ಮೊದಲು ಎದ್ದು ಕೂತಿರುತ್ತದೆ. ಹಲ್ಲುಜ್ಜಿ ಸ್ನಾನ ಮುಗಿಸುವಷ್ಟರಲ್ಲಿ ಅರ್ಧ ದಿನದ ಜೀವ ಖರ್ಚಾಗಿರುತ್ತದೆ. ಹಾಗಿದ್ದೂ ಈ ಏಳು ವರ್ಷವೂ ನಾನು ಆ ಹಲಗೆ ಬಿಟ್ಟಿಲ್ಲ. ಕತ್ತರಿ ಹಿಡಿಯಲಾಗುವುದಿಲ್ಲ, ಹಲಗೆಯ ಅಂಚಿಗೆ ಬ್ಲೇಡು ಸಿಕ್ಕಿಸಿ ದಾರವನ್ನು ಅದಕ್ಕೆ ಎಳೆದು ಕತ್ತರಿಸುತ್ತೇನೆ. ಹೂ ಕಟ್ಟಲಂತೂ ಆಗುವುದೇ ಇಲ್ಲ. ಅಣ್ಣ ಯೋಗಾನಂದ ಮಾರ್ಕೆಟ್ಟಿನಿಂದ ಬಿಡಿಹೂ ತರುತ್ತಾನೆ, ಗವಿಪುರದ ಮನೆಯಲ್ಲಿ ಅಮ್ಮ ಮತ್ತು ಅತ್ತಿಗೆ ಕಟ್ಟುತ್ತಾರೆ, ನಾನು ಮಾರುತ್ತೇನೆ. ನನ್ನ ಕೈಯಿಂದ ಆಗುವ ಕೆಲಸ ಅಂತ ಉಳಿದಿದ್ದು ಅದೊಂದೇ.

ಪಕ್ಕದಲ್ಲಿ ಬಾಳೆಎಲೆ, ತೆಂಗಿನಕಾಯಿ ಮಾರುವ ಅಣ್ಣಯ್ಯಪ್ಪ ನನ್ನ ಕೈಯನ್ನೂ ಗೆರೆಯನ್ನೂ ನೋಡಿ, ನೋಡದವನ ಹಾಗೆ ಕಾಯಿ ಜೋಡಿಸತೊಡಗಿದ.

“ಅಣ್ಣಯ್ಯಪ್ಪ ಮಾವ, ನಿಂಗೆ ಗೊತ್ತಿತ್ತಾ?”

“ಬಿಡವ್ವ ಅತ್ಲಾಗೆ. ಎಲ್ರಿಗೂ ಗೊತ್ತು. ಯಾರೂ ಏನೂ ಅನ್ಕೊಳ್ಳಲ್ಲ. ಪಾಪ, ಕೈ ಹಂಗಾಗೈತೆ, ಹೋಗ್ಲಿ ಅಂತ ಸುಮ್ಕಾಗ್ತಾರೆ.”

ಆಗ ನನಗೆ ಕೊಸರು ನೆನಪಾಯಿತು. ಬಸವನಗುಡಿಯ ಹೆಂಗಸರು ಕೊಸರಿಲ್ಲದೆ ಹೂ ಕೊಂಡವರಲ್ಲ. ಮೊಳ ಅಳೆದು ಮುಗಿದ ಮೇಲೆ “ಇನ್ನೊಂಚೂರು ಹಾಕು” ಎಂದು ಕೈಯೊಡ್ಡಿ ನಿಲ್ಲುತ್ತಾರೆ. ಕಾರಿನಲ್ಲಿ ಬಂದವರೂ ನಿಲ್ಲುತ್ತಾರೆ. ಒಂದೆರಡು ವರ್ಷದಿಂದ ನನ್ನನ್ನು ಯಾರೂ ಕೊಸರು ಕೇಳಿರಲಿಲ್ಲ. ಊರಿಗೆ ಒಳ್ಳೆ ಬುದ್ಧಿ ಬಂತು ಎಂದು ನಾನು ಹಿಗ್ಗಿದ್ದೆ. ಮೂರು ಬೆರಳು ಕಡಿಮೆ ಕೊಡುವವಳ ಹತ್ತಿರ ಕೊಸರು ಯಾರು ಕೇಳುತ್ತಾರೆ? ಅಷ್ಟೂ ಜನ ನನಗೆ ದಿನಾ ಭಿಕ್ಷೆ ಹಾಕಿ ಹೋಗುತ್ತಿದ್ದರು, ನಾನು ತಲೆಯೆತ್ತಿ ತೆಗೆದುಕೊಳ್ಳುತ್ತಿದ್ದೆ.

ಸಂಜೆ ಮನೆಗೆ ಹೋದವಳು ಚಪ್ಪಲಿ ಬಿಡುವ ಮೊದಲೇ ಕೇಳಿದೆ. “ಅಮ್ಮ, ಯಮುನಾ ಮಿಸ್ ಕೇಳಿದ್ರು ಅಂತ ಅಳೆದು ನೋಡ್ದೆ, ನೀನೆಳೆದ ಗೆರೆ ಕಪ್ಪಾಗಿದೆ, ನನ್ನ ಬೆರಳು ಅದನ್ನ ಮುಟ್ತಾನೇ ಇಲ್ಲ. ನನ್ನ ಮೊಳ ಕಡಿಮೆ ಆಗಿರೋದು ನೀನು ನೋಡಿದ್ಯಾ?”

ಅಮ್ಮ ಕನಕಾಂಬರ ಕಟ್ಟುತ್ತಿದ್ದಳು. ಅವಳ ಬೆರಳು ಅರವತ್ತೆಂಟರಲ್ಲೂ ನೀರಿನ ಹಾಗೆ ಓಡುತ್ತದೆ. ಅದು ನಿಂತಿತು.

“ಹೋದ ವರ್ಸದ ಯುಗಾದೀಲೇ ನೋಡ್ದೆ.”

“ಯಾಕೆ ಹೇಳ್ಲಿಲ್ಲ?”

“ಹೆಂಗೆ ಹೇಳ್ಲಿ ಮಗಾ? ಬೆಳಿಗ್ಗೆ ನಿನ್ನ ಹಾಸಿಗೆಯಿಂದ ಎಬ್ಬಿಸ್ತಿರೋದು ಆ ಹಲಗೆ ಒಂದೇ. ಅದನ್ನೂ ಕಿತ್ಕೊಳ್ಳಾ?”

“ನಿನ್ನ ಕರುಣೆ ನನ್ನ ಕಳ್ಳಿ ಮಾಡ್ತು ಕಣಮ್ಮ! ಕಡಿಮೆ ಕೊಡೋರ ಪಕ್ಕ ನೀನು ಕಾಫಿ ಕುಡೀತಿರ್ಲಿಲ್ಲ. ನನ್ನ ಜೊತೆ ಒಂದೂವರೆ ವರ್ಷ ಊಟ ಮಾಡಿದೀಯಾ.”

ಹೇಳಬಾರದಿತ್ತು. ಹೇಳಿದೆ. ಅಮ್ಮ ತಲೆ ತಗ್ಗಿಸಿದಳು, ಆದರೂ ನನ್ನ ಕೋಪ ಇಳಿಯಲಿಲ್ಲ.

ಯೋಗಣ್ಣ ಒಳಗಿನಿಂದ ಬಂದ. ಅವನು ಕೆಟ್ಟವನಲ್ಲ. ನನ್ನ ಆಸ್ಪತ್ರೆ ಸರದಿಗೆ ಬೆಳಗಿನ ಜಾವ ಹೋಗಿ ನಿಲ್ಲುವವನು ಅವನೇ. “ಇದನ್ನ ದೊಡ್ಡದು ಮಾಡ್ಬೇಡ ತೇಜು. ಆ ಮಿಸ್ ಒಬ್ರು ಬಿಟ್ರೆ ಯಾರೂ ಕೇಳಿಲ್ಲ. ಹಬ್ಬ ಮುಗೀಲಿ, ಸೋಮವಾರದಿಂದ ನಿಮ್ಮತ್ತಿಗೆ ಕೂರ್ತಾಳೆ. ನೀನು ಮನೇಲಿ ಆರಾಮಾಗಿರು.”

“ಮನೇಲಿ ಏನು ಮಾಡ್ಲಿ? ಹೂ ಕಟ್ಟಕ್ಕಾಗಲ್ಲ, ರೊಟ್ಟಿ ತಟ್ಟಕ್ಕಾಗಲ್ಲ. ಗೋಡೆ ನೋಡ್ಕೊಂಡು ನೋವು ಎಣಿಸ್ಲಾ?”

“ರೆಸ್ಟ್ ತಗೋ ಅಂತ ಡಾಕ್ಟರೂ ಹೇಳಿದಾರೆ.”

“ರೆಸ್ಟ್ ಎಷ್ಟೊತ್ತಿಗೆ ಬೇಕೋ ನಂಗೆ ಗೊತ್ತು. ಹಲಗೆ ಬಿಟ್ಟು ಎದ್ದು ಹೋಗು ಅಂತ ಯಾವ ಡಾಕ್ಟರೂ ಹೇಳಿಲ್ಲ.”

ಹಲಗೆ ಹಾಕುವ ಜಾಗದ ಗುರುತಿನ ಚೀಟಿ ಇರುವುದು ಅಮ್ಮನ ಹೆಸರಿನಲ್ಲಿ. ಯಾರು ಕೂರಬೇಕೆಂದು ಹೇಳಬೇಕಾದವಳು ಅವಳು. ಇಬ್ಬರೂ ಅವಳ ಮುಖ ನೋಡಿದೆವು. ಅವಳು ಬುಟ್ಟಿಯ ಕಡೆ ನೋಡುತ್ತಾ “ಹಬ್ಬ ಕಳೀಲಿ” ಎಂದಳು.

ಬುಧವಾರ ಬೆಳಿಗ್ಗೆ ಬೆರಳುಗಳು ಮುಷ್ಟಿ ಬಿಡಲು ಒಪ್ಪಲೇ ಇಲ್ಲ. ಜಗಳವಾಡಿದ ಮಾರನೇ ದಿನ ಹೀಗೇ ಆಗುತ್ತದೆ. ಬೋಸಿಯಲ್ಲಿ ಬಿಸಿನೀರು ಇಟ್ಟುಕೊಂಡು ಅರ್ಧ ಗಂಟೆ ಎರಡೂ ಕೈ ಮುಳುಗಿಸಿ ಕೂತೆ. ಅತ್ತಿಗೆ ಬಂದು ಪಕ್ಕದಲ್ಲಿ ಒಂದು ಸಣ್ಣ ಬಾಟಲಿ ಇಟ್ಟಳು. ಉಗುರಿಗೆ ಹಚ್ಚುವ ಕೆಂಪು ಬಣ್ಣ.

“ಇದ್ಯಾಕೆ ಅತ್ತಿಗೆ?”

“ಗೆರೆ ಕಪ್ಪಾಗಿದೆ ಅಂದ್ಯಲ್ಲ ನಿನ್ನೆ. ಇದು ನೀರಿಗೆ ಹೋಗಲ್ಲ.” ಆಮೇಲೆ ದನಿ ತಗ್ಗಿಸಿ, “ನಂಗೆ ಬೀದೀಲಿ ಕೂರೋದು ಇಷ್ಟ ಇಲ್ಲ ಕಣೆ. ನನ್ನ ಯಾರು ಕೇಳಿದ್ರು?” ಎಂದಳು.

ಬಜಾರಿಗೆ ಹೋಗಿ ಗೋಣಿತಟ್ಟನ್ನು ಮಡಚಿ ಕೆಳಗಿಟ್ಟೆ. ಹಲಗೆಯನ್ನು ತೆಂಗಿನ ನಾರಿನಿಂದ ಉಜ್ಜಿದೆ. ಬಾಟಲಿಯ ಮುಚ್ಚಳ ತೆರೆಯಲು ಅಣ್ಣಯ್ಯಪ್ಪನ ಕೈ ಬೇಕಾಯಿತು. ಗೆರೆಯ ಮೇಲೆ ಕೆಂಪು ಹಚ್ಚಿದೆ, ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿದೆ. ಆಮೇಲೆ ಬಂದ ಪ್ರತಿ ಗಿರಾಕಿಗೂ ಒಂದೇ ಮಾತು ಹೇಳಿದೆ. “ನನ್ನ ಬೆರಳು ಬಗ್ಗಿದೆ. ಅದರಿಂದ ಮೊಳ ಮೂರು ಬೆರಳು ಕಡಿಮೆ ಬೀಳ್ತಿತ್ತು. ನನಗೆ ಗೊತ್ತಾಗ್ಲಿಲ್ಲ, ತಪ್ಪಾಯ್ತು. ಇವತ್ತಿಂದ ಹಲಗೆ ಅಂಚಿಂದ ಈ ಕೆಂಪು ಗೆರೆವರೆಗೆ ಒಂದು ಮೊಳ. ಕಣ್ಣಿಟ್ಟು ನೋಡ್ಕೊಳ್ಳಿ.”

ಅಣ್ಣಯ್ಯಪ್ಪ ತಲೆ ಚಚ್ಚಿಕೊಂಡ. ತನ್ನ ತಪ್ಪನ್ನು ಕೂಗಿ ಮಾರುವವಳನ್ನು ಅವನು ಅದೇ ಮೊದಲು ನೋಡಿದ್ದಂತೆ.

ಬೈದುಕೊಂಡು ಹೋಗುತ್ತಾರೆಂದು ನಾನು ಸೊಂಟ ಕಟ್ಟಿ ಕೂತಿದ್ದೆ. ಯಾರೂ ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು, ಪಾಪ ಎಂದರು. ದಿನವೂ ಒಂದು ಮೊಳ ಕಾಕಡ ಹೂ ಒಯ್ಯುವ ಶ್ರೀನಿವಾಸಯ್ಯನವರು ನನ್ನ ಕೈ ನೋಡಿ ಕಣ್ಣು ತುಂಬಿಕೊಂಡರು. “ಮೊದಲಿನ ಹಾಗೇ ಕೊಡಮ್ಮ. ಎರಡು ಹೂ ಕಡಿಮೆಯಾದ್ರೆ ದೇವರೇನು ಮುನಿಸ್ಕೊಳ್ಳಲ್ಲ. ನಮಗೇನೂ ಬೇಜಾರಿಲ್ಲ.”

“ನನಗಿದೆ ಸಾರ್” ಎಂದೆ. “ಪೂರ್ತಿ ಮೊಳ ತಗೊಂಡ್ ಹೋಗಿ. ಇಲ್ಲಾಂದ್ರೆ ಹೂ ಇಲ್ಲ.”

ಅವರು ಬೆಚ್ಚಿ ಪೂರ್ತಿ ಮೊಳ ತೆಗೆದುಕೊಂಡರು.

ಮಧ್ಯಾಹ್ನ ಸೇವಂತಿಗೆ ಮೂಟೆ ಇಳಿಸಲು ಬಂದ ಯೋಗಣ್ಣ ಗೆರೆ ನೋಡಿ ಕೆಂಡವಾದ. “ಮಾನ ಹರಾಜು ಹಾಕ್ತಿದೀಯಾ? ಹಲಗೆ ಮೇಲೆ ಅಳೆಯೋದಾದ್ರೆ ಯಾರು ಬೇಕಾದ್ರೂ ಅಳೀಬಹುದು. ನೀನೇ ಯಾಕೆ ಕೂರ್ಬೇಕು?”

“ಯಾರು ಬೇಕಾದ್ರೂ ಅಳೀಬಹುದು. ಅದಕ್ಕೇ ನಾನೂ ಅಳೀಬಹುದು.”

ಅವನು ಮೂಟೆಯನ್ನು ದಡಕ್ಕನೆ ಇಳಿಸಿದ. “ನಾಳೆ ಹಬ್ಬದ ಜನ ಬಂದಾಗ ಗೊತ್ತಾಗತ್ತೆ. ಮಧ್ಯದಲ್ಲಿ ಬಿದ್ರೆ ನೋಡು” ಎಂದು ಹೋದ.

ಗುರುವಾರ ಅಮ್ಮನೂ ಬಂದಳು. ಮಂಡಿ ನೋವೆಂದು ಒಂದು ವರ್ಷದಿಂದ ಬಜಾರಿಗೆ ಕಾಲಿಡದವಳು ಆಟೋದಲ್ಲಿ ಬುಟ್ಟಿಗಳ ನಡುವೆ ಕೂತು ಬಂದಳು. ಗೆರೆಯನ್ನು ನೋಡಿದಳು, ಬೆರಳಿನಿಂದ ಸವರಿದಳು, ನನ್ನ ಹಿಂದೆ ಮಣೆ ಹಾಕಿಕೊಂಡು ಹೂ ಕಟ್ಟಲು ಕೂತಳು. ಬೆಳಗಿನಿಂದ ಜನವೋ ಜನ. ಬಾಳೆಕಂದು, ತಾವರೆ, ಕೇದಗೆ, ಕಾಲಿಡಲು ಜಾಗವಿಲ್ಲ. ನಾನು ಅಂಚಿನಿಂದ ಗೆರೆಗೆ, ಗೆರೆಯಿಂದ ಬ್ಲೇಡಿಗೆ ಎಳೆದೆ, ಎಳೆದೆ, ಎಳೆದೆ.

ನಾಲ್ಕು ಗಂಟೆಗೆ ಸುಸ್ತು ಬಂತು. ಅದು ಹೇಳಿ ಕೇಳಿ ಬರುವುದಿಲ್ಲ. ಎದುರಿಗೆ ನಿಂತವರ ಮಾತು ದೂರದಿಂದ ಕೇಳಿಸಿತು, ಕೈ ಹಲಗೆಯ ಮೇಲೆ ಬಿದ್ದಿತ್ತು, ಎತ್ತು ಎಂದರೆ ಏಳಲಿಲ್ಲ. ಏಳು ವರ್ಷ ಈ ಗಳಿಗೆಯನ್ನು ನಾನು ಬಚ್ಚಿಟ್ಟಿದ್ದೇನೆ. ದಾರದ ಉಂಡೆ ಹುಡುಕುವವಳ ಹಾಗೆ ಬಗ್ಗಿ, ಹಲಗೆಯ ಕೆಳಗೆ ತಲೆಯಿಟ್ಟು, ಹಲ್ಲು ಕಚ್ಚಿ ಎದ್ದಿದ್ದೇನೆ. ಮಾರನೇ ದಿನ ಅದಕ್ಕೆ ತಕ್ಕ ಶಾಸ್ತಿಯೂ ಆಗಿದೆ. ಬಗ್ಗಿದ ಬೆರಳನ್ನು ಇಡೀ ಬಸವನಗುಡಿಗೆ ತೋರಿಸಿಯಾಗಿತ್ತು. ಇನ್ನು ಇದೊಂದನ್ನು ಮುಚ್ಚಿಟ್ಟು ಯಾವ ಮಾನ ಉಳಿಸಬೇಕಿತ್ತು?

“ನಾನು ಇಪ್ಪತ್ತು ನಿಮಿಷ ಮಲಗ್ತೀನಿ” ಎಂದು ಗಿರಾಕಿಗಳಿಗೆ ಹೇಳಿದೆ. “ಕಾಯೋರು ಕಾಯಿರಿ. ಅವಸರ ಇದ್ರೆ ಅಂಚಿಂದ ಗೆರೆವರೆಗೆ ನೀವೇ ಅಳ್ಕೊಳ್ಳಿ. ಅಮ್ಮ ನೋಡ್ತಾಳೆ.” ಮಡಚಿಟ್ಟಿದ್ದ ಗೋಣಿತಟ್ಟನ್ನು ಹಾಸಿ, ಹಬ್ಬದ ಹಿಂದಿನ ದಿನದ ಗಾಂಧಿ ಬಜಾರಿನ ನಟ್ಟನಡುವೆ, ಎಲ್ಲರ ಕಣ್ಣೆದುರು ಮಲಗಿದೆ.

ಹೂವಿನ ಬುಟ್ಟಿ ಇಳಿಸಲು ಬಂದಿದ್ದ ಯೋಗಣ್ಣನ ದನಿ ಮೇಲಿನಿಂದ ಕೇಳಿಸಿತು. “ನೋಡಮ್ಮ, ನಾನು ಹೇಳಿದ್ದೇ ಆಯ್ತು. ಬಿದ್ಲು.”

“ಬಿದ್ದಿಲ್ಲ ಕಣೋ, ಮಲಗವ್ಳೆ” ಎಂದಳು ಅಮ್ಮ. ಅವಳ ಬೆರಳು ಓಡುತ್ತಲೇ ಇತ್ತು. “ಇಪ್ಪತ್ತು ನಿಮಿಸ ಅಂದವ್ಳೆ. ಎದ್ದು ಹೋಯ್ತೀನಿ ಅಂತ ಅವಳಾಗಿ ಅನ್ನೋಗಂಟ ಆ ಜಾಗ ಅವಳ್ದು. ಗೆರೆ ಎಳ್ದೋಳು ನಾನು. ನೀನು ಆ ಬುಟ್ಟಿ ಇತ್ಲಾಗೆ ತಳ್ಳು.”

ಬುಟ್ಟಿ ಎಳೆದ ಸದ್ದಾಯಿತು. ನಾನು ಕಣ್ಣು ಮುಚ್ಚಿಕೊಂಡೆ, ರೆಪ್ಪೆಯ ಒಳಗೆ ಬಿಸಿಯಾಯಿತು.

ಸ್ವಲ್ಪ ಹೊತ್ತಿಗೆ ತಲೆಯ ಹತ್ತಿರ ಒಂದು ಜೋಡಿ ಕಪ್ಪು ಚಪ್ಪಲಿ ಬಂದು ನಿಂತವು. “ತೇಜಸ್ವಿನಿ, ಏಳ್ತೀಯಾ, ನಾನೇ ಅಳ್ಕೊಳ್ಳಾ?”

ಯಮುನಾ ಮಿಸ್. ಕಣ್ಣು ತೆರೆಯದೆ ಕೇಳಿದೆ, “ಟೈಮೆಷ್ಟು ಮಿಸ್?”

“ನಾಲ್ಕೂ ಹತ್ತು.”

“ನಾಲ್ಕೂ ಇಪ್ಪತ್ತಕ್ಕೆ ಏಳ್ತೀನಿ.”

“ಆಯ್ತು. ಕಾಯ್ತೀನಿ.” ನಿಜಕ್ಕೂ ಕಾದರು. ನಾಲ್ಕೂ ಇಪ್ಪತ್ತಾದದ್ದೇ ತಡ, ಪರೀಕ್ಷೆಯ ಹಾಲಿನಲ್ಲಿ ಹೇಳುವಂತೆ “ಟೈಮಾಯ್ತು” ಎಂದರು. ಕೈ ಹಿಡಿದು ಎತ್ತಲು ಬರಲಿಲ್ಲ. ನಾನು ಮಂಡಿಯೂರಿ, ಹಲಗೆ ಹಿಡಿದು, ನನ್ನ ಪಾಡಿಗೆ ಎದ್ದೆ.

“ಶ್ರೀನಿವಾಸಯ್ಯನವರು ಎಲ್ಲ ಹೇಳಿದ್ರು” ಎಂದರು ಮಿಸ್. “ನಿನ್ನ ಕೈ ಹೀಗಿದೆ ಅಂತ ನಾನು ಗಮನಿಸಿರ್ಲಿಲ್ಲಮ್ಮ. ಅಷ್ಟು ಜನರೆದುರು ಕೇಳಿದ್ದು...”

“ಸಾರಿ ಗೀರಿ ಹೇಳ್ಬೇಡಿ ಮಿಸ್. ಎಲ್ಲರಿಗೂ ಗೊತ್ತಿತ್ತು. ಕೇಳಿದ್ದು ನೀವೊಬ್ರೇ.” ಮಲ್ಲಿಗೆಯನ್ನು ಹತ್ತಿರ ಎಳೆದುಕೊಂಡು ಇನ್ನೂ ಜೋರಾಗಿ ಕೇಳಿದೆ, “ಎಷ್ಟು ಮೊಳ?”

“ಮಲ್ಲಿಗೆ ಎರಡು, ಕನಕಾಂಬರ ಒಂದು.”

ಅಂಚಿನಿಂದ ಗೆರೆಗೆ ಅಳೆದೆ. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ಮೂರು ಸಲವೂ ಗೆರೆಯನ್ನು ನೋಡಿದರು. ಬ್ಲೇಡಿಗೆ ಎಳೆದು ಕತ್ತರಿಸಿ, ಎಲೆಯಲ್ಲಿ ಸುತ್ತಿ, ಮುಂದೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಕೈಯೊಡ್ಡಿ ಹಾಗೇ ನಿಂತರು.

“ಇನ್ನೇನು ಮಿಸ್?”

“ಕೊಸರು?”

ಎರಡು ವರ್ಷದ ಮೇಲೆ ಆ ಮಾತು ಕೇಳಿದೆ. ಹಿಂದೆ ಅಮ್ಮನ ಬೆರಳು ನಿಂತದ್ದು ನನಗೆ ನೋಡದೆಯೇ ಗೊತ್ತಾಯಿತು.

“ಕೊಸರಾ? ಹಬ್ಬದ ಹಿಂದಿನ ದಿನ ಕನಕಾಂಬರಕ್ಕೆ ಕೊಸರಾ? ನಿಮಗೆಷ್ಟು ಧೈರ್ಯ ಮಿಸ್!” ನಾನು ಕೂಗಿದ ಕೂಗಿಗೆ ಅಣ್ಣಯ್ಯಪ್ಪನ ಕೈಯಿಂದ ಕಾಯಿ ಜಾರಿತು. “ಮಲ್ಲಿಗೆ ರೇಟು ಕೇಳಿದೀರಾ? ನಮ್ಮಣ್ಣ ಮಾರ್ಕೆಟ್ಟಲ್ಲಿ ಹೆಂಗೆ ಹೊಡೆದಾಡಿ ತಂದಿದಾನೆ ಗೊತ್ತಾ?”

“ಅದೆಲ್ಲ ನನಗೆ ಬೇಡ. ನಿಮ್ಮಮ್ಮ ಹಾಕ್ತಿದ್ರು. ನೀನೂ ಹಾಕು. ಒಂದು ಗೇಣಾದ್ರೂ ಹಾಕು.”

“ಗೇಣಾ! ಅರ್ಧ ಮೊಳಾನೇ ಕೇಳಿಬಿಡಿ!”

ಹಿಂದೆ ನಿಂತಿದ್ದ ಹೆಂಗಸೊಬ್ಬಳು “ಅವ್ರಿಗೆ ಹಾಕಿದ್ರೆ ನಮಗೂ ಹಾಕ್ಬೇಕು” ಎಂದಳು. ನಾನು ಅವಳಿಗೂ ಬೈದೆ. ಮೈಯಲ್ಲಿ ಒಂದೊಂದು ಕೀಲೂ ಉರಿಯುತ್ತಿತ್ತು, ನಾಳೆ ಹಾಸಿಗೆಯಿಂದ ಏಳುವುದು ಹೇಗೋ ಗೊತ್ತಿರಲಿಲ್ಲ, ಆದರೆ ಆ ಐದು ನಿಮಿಷ ನಾನು ಆಡಿದ ಜಗಳ ಏಳು ವರ್ಷದಲ್ಲಿ ಆಡಿರಲಿಲ್ಲ. ಕೊನೆಗೆ ಕನಕಾಂಬರದ ಮಾಲೆಯನ್ನು ಹಲಗೆಯ ಮೇಲೆ ಹಾಸಿದೆ. ಯಮುನಾ ಮಿಸ್ ಕೇಳಿದ್ದು ಒಂದು ಗೇಣು. ನಾನು ಗೆರೆಯ ಆಚೆಗೆ ಎಡಗೈ ಬೆರಳನ್ನು ಅಡ್ಡಲಾಗಿಟ್ಟು ಅಳೆದು, ಸರಿಯಾಗಿ ಮೂರು ಬೆರಳಷ್ಟು ಕತ್ತರಿಸಿ ಕೊಟ್ಟೆ.